ಏಳು ಗಂಟೆಗೆ ತೆಗೆಯುವ ಬೀಗ

ಹೋದ ಶ್ರಾವಣದಲ್ಲಿ ಊರಿಗೆ ಹೋದಾಗ ಕಂಡದ್ದೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ. ಸಿರುಗುಪ್ಪ ತಾಲೂಕಿನ ಹಳ್ಳಿ ನಮ್ಮದು. ರಾತ್ರಿ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಐದೂವರೆ ಇರಬಹುದು, ಕಾಲುವೆ ಕಡೆ ಹೊರಟಿದ್ದೆ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ತಾತನ ಕಟ್ಟೆಯ ಮುಂದೆ ಯಾರೋ ನಿಂತಿದ್ದರು. ಹತ್ತಿರ ಹೋದರೆ ನಮ್ಮ ದೊಡ್ಡವ್ವ. ಕೈಯಲ್ಲಿ ತಂಬಿಗೆ. ಕಟ್ಟೆಯ ಸುತ್ತ ಈಗ ಕಬ್ಬಿಣದ ಗ್ರಿಲ್ ಬಂದಿದೆ. ಗೇಟಿಗೆ ಬೀಗ. ದೊಡ್ಡವ್ವ ತಂಬಿಗೆಯ ಬಾಯನ್ನು ಗ್ರಿಲ್ಲಿನ ಸಂದಿಗೆ ಹಿಡಿದು ಬಗ್ಗಿಸಿದಳು. ನೀರು ಗದ್ದುಗೆ ತನಕ ಹೋಗಲಿಲ್ಲ. ಹೊಸ ಟೈಲ್ಸ್ ಮೇಲೆ ಬಿತ್ತು. ಟೈಲ್ಸ್ ಹಾಕಿದವರು ಇಳಿಜಾರನ್ನು ಹೊರಗಡೆಗೆ ಕೊಟ್ಟಿದ್ದಾರೆ. ಹಾಕಿದ ನೀರೆಲ್ಲ ಹರಿದು ವಾಪಸ್ ಅವಳ ಕಾಲಿನ ಹತ್ತಿರವೇ ಬಂತು.

"ಗೇಟು ತೆಗೆಯೋತನ ನಿಲ್ಲಬಾರದೇನು ದೊಡ್ಡವ್ವಾ?" ಅಂದೆ. "ಏಳಕ್ಕ ತೆಗೀತಾರಪಾ. ಅಷ್ಟೊತ್ತಿಗೆ ನಾವು ಗದ್ದ್ಯಾಗ ಇರ್ತೀವಿ" ಅಂದಳು. ದೂರುವ ದನಿ ಇರಲಿಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದಳು. ಆಮೇಲೆ "ಹೊರಗಿಂದ ಹಾಕಿದ್ರೂ ಮುಟ್ಟತೈತಿ ಬಿಡು" ಅಂತ ಸೆರಗು ಬಿಗಿದುಕೊಂಡು ಕಳೆ ತೆಗೆಯೋಕೆ ಹೋದಳು. ಎಪ್ಪತ್ತು ದಾಟಿದೆ ಅವಳಿಗೆ. ಇನ್ನೂ ಕೂಲಿ ಬಿಟ್ಟಿಲ್ಲ.

ಏಳು ಗಂಟೆ ಅನ್ನುವ ಆ ನಿಯಮವನ್ನು ಟೈಪ್ ಮಾಡಿದವನು ನಾನು.

ತಾತ

ತಾತನ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ಬಳ್ಳಾರಿ ಸೀಮೆಯಲ್ಲಿ ಇಂಥ ಅವಧೂತ ತಾತಂದಿರು ಬಹಳ. ಚೇಳ್ಳಗುರ್ಕಿಯ ಎರ್ರಿತಾತನ ಹಾಗೆ ಕೆಲವರ ಹೆಸರು ದೂರದೂರಕ್ಕೂ ಹೋಯಿತು. ನಮ್ಮೂರ ತಾತ ನಮ್ಮೂರಿಗಷ್ಟೇ. ನಾನು ಹುಟ್ಟುವ ಮೊದಲೇ ಹೋದವನು. ದೊಡ್ಡವರು ಹೇಳಿದ್ದು ಇಷ್ಟು. ಎಲ್ಲಿಂದಲೋ ಬಂದ. ಬೇವಿನ ಮರದ ಕೆಳಗೆ ಕುಂತ. ಯಾರ ಮನೆಯವರು ಕೊಟ್ಟರೂ ಉಂಡ. ಜಾತಿ ಕೇಳಿದರೆ ನಕ್ಕ. ಕಾಲಿಗೆ ಬೀಳಲು ಬಂದವರ ಮೇಲೆ ಮಣ್ಣು ತೂರುತ್ತಿದ್ದನಂತೆ. "ನನ್ನ ಹಿಂದ ಯಾಕ ಬರ್ತೀರಿ, ನಿಮ್ಮ ಹೊಲಕ್ಕ ಹೋಗ್ರಿ" ಅಂತ ಬೈಯುತ್ತಿದ್ದನಂತೆ. ಹೋದ ಮೇಲೆ ಅವನನ್ನು ಅದೇ ಮರದ ಕೆಳಗೆ ಇಟ್ಟು, ಮೇಲೊಂದು ಮಣ್ಣಿನ ಕಟ್ಟೆ ಕಟ್ಟಿದರು.

ಆ ಕಟ್ಟೆ ಯಾರದೂ ಆಗಿರಲಿಲ್ಲ. ಸೋಮವಾರ ಯಾರೋ ವಿಭೂತಿ ಹಚ್ಚುತ್ತಿದ್ದರು. ಗುರುವಾರ ಸಾಬರ ಓಣಿಯಿಂದ ಯಾರಾದರೂ ಬಂದು ಊದಿನಕಡ್ಡಿ ಹಚ್ಚಿ ಸಕ್ಕರೆ ಓದಿಸಿ ಹೋಗುತ್ತಿದ್ದರು. ಕೇರಿಯ ಮಂದಿ ನಾಟಿ ಶುರು ಮಾಡುವ ದಿನ ಕಟ್ಟೆಗೆ ಹಣೆ ಹಚ್ಚಿ ಗದ್ದೆಗೆ ಇಳಿಯುತ್ತಿದ್ದರು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಇದೇನು ಹೊಸದಲ್ಲ. ಮೊಹರಂ ಬಂದರೆ ಮುದಗಲ್ಲಿಗೆ ಹೋಗಿ ನೋಡಬೇಕು. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಹರಕೆಗೆ ಫಕೀರರಾದ ಮಕ್ಕಳಲ್ಲಿ, ಯಾರು ಯಾವ ಮನೆಯವರು ಅಂತ ಕೇಳುವ ರೂಢಿಯೇ ನಾನು ಚಿಕ್ಕವನಿದ್ದಾಗ ಇರಲಿಲ್ಲ.

ದಸರಾ ರಜೆಗೆ ಬಳ್ಳಾರಿಯಿಂದ ಊರಿಗೆ ಹೋದರೆ ನಾನು ಮಲಗುತ್ತಿದ್ದುದು ದೊಡ್ಡವ್ವನ ಮಗ್ಗುಲಲ್ಲಿ. ಅವಳು ನಸುಕಿನಲ್ಲಿ ಎದ್ದರೆ ನನಗೂ ಎಚ್ಚರ. ಹಿಂದೆ ಹಿಂದೆಯೇ ಹೋಗುತ್ತಿದ್ದೆ. ತಂಬಿಗೆ ನನ್ನ ಕೈಗೇ ಕೊಡುತ್ತಿದ್ದಳು. ಕಟ್ಟೆ ಮುಟ್ಟುವಷ್ಟರಲ್ಲಿ ಅರ್ಧ ನೀರು ನನ್ನ ಅಂಗಿ ಮೇಲೆ ಚೆಲ್ಲಿರುತ್ತಿತ್ತು. ಉಳಿದದ್ದನ್ನು ಅವಳು ಗದ್ದುಗೆಗೆ ಎರೆಯುತ್ತಿದ್ದಳು. ಎರಡು ಕಣಗಿಲೆ ಹೂ ಇಡುತ್ತಿದ್ದಳು. ಆಮೇಲೆ ಮೊಣಕಾಲು ಮಡಚಿ ಅಲ್ಲೇ ಕೂರುತ್ತಿದ್ದಳು. ಕಣ್ಣು ಮುಚ್ಚುತ್ತಿರಲಿಲ್ಲ. ಕೈ ಮುಗಿಯುತ್ತಿರಲಿಲ್ಲ. ಬಾಯಲ್ಲಿ ಮಂತ್ರ ಇಲ್ಲ, ಹಾಡಿಲ್ಲ. ಕಾಲುವೆ ನೀರಿನ ಸದ್ದು, ಎಲ್ಲೋ ಒಂದು ಎಮ್ಮೆಯ ಕೂಗು, ಅಷ್ಟೇ. ನನಗೆ ಆಟ ಆಡಬೇಕು ಅನ್ನಿಸುತ್ತಿತ್ತು. ಆದರೆ ಅವಳ ಪಕ್ಕದಲ್ಲಿ ಅಲ್ಲಾಡದೆ ಕೂರುತ್ತಿದ್ದೆ. ಹತ್ತು ನಿಮಿಷ ಆಗುತ್ತಿತ್ತೋ, ಜಾಸ್ತಿ ಆಗುತ್ತಿತ್ತೋ ಗೊತ್ತಿಲ್ಲ. ಒಂದು ದಿನ ವಾಪಸ್ ಬರುವಾಗ ಕೇಳಿದೆ, "ಏನು ಬೇಡಿಕೊಂಡಿ ದೊಡ್ಡವ್ವಾ?" ಅವಳಿಗೆ ಪ್ರಶ್ನೆಯೇ ಅರ್ಥವಾಗದ ಹಾಗೆ ನನ್ನ ಮುಖ ನೋಡಿದಳು. "ಏನಿಲ್ಲಪಾ. ಸುಮ್ನೆ ಕುಂತಿದ್ದೆ" ಅಂದಳು.

ಮೂರು ವರ್ಷದ ಹಿಂದೆ ಕಟ್ಟೆಗೆ ಒಂದು ಕಮಿಟಿ ಆಯಿತು. ಕಮಿಟಿಯವರು ಕೆಟ್ಟವರಲ್ಲ. ಅವರು ಮಾಡಿದ ಒಳ್ಳೆಯ ಕೆಲಸವನ್ನು ಮೊದಲು ಹೇಳಬೇಕು. ಕುಡಿಯುವ ನೀರಿನ ನಲ್ಲಿ ತಂದರು. ಬಿಸಿಲಿಗೆ ತಗಡಿನ ಶೆಡ್ ಹಾಕಿಸಿದರು. ಹೆಂಗಸರಿಗೆ ಶೌಚಾಲಯ ಕಟ್ಟಿಸಿದರು. ಮೊದಲು ಜಾತ್ರೆ ದಿನ ಹೊರಗಿನಿಂದ ಬಂದ ಹೆಣ್ಣುಮಕ್ಕಳು ಕತ್ತಲಾಗುವ ತನಕ ಕಾಯಬೇಕಿತ್ತು. ಅದು ಎಂಥ ಕಷ್ಟ ಅಂತ ಗಂಡಸರಿಗೆ ಗೊತ್ತಾಗುವುದಿಲ್ಲ. ಹುಂಡಿ ಇಟ್ಟರು. ಒಂದು ರಾತ್ರಿ ಯಾರೋ ಹುಂಡಿ ಒಡೆದರು. ಅದಕ್ಕೇ ಗ್ರಿಲ್ಲು, ಅದಕ್ಕೇ ಬೀಗ. ಬೀಗ ಇದ್ದ ಮೇಲೆ ತೆಗೆಯಲು ಒಬ್ಬ ಬೇಕಲ್ವಾ? ಅರ್ಚಕರು ಬಂದರು. ಅರ್ಚಕರಿಗೆ ಒಂದು ಟೈಮು ಬೇಕು. ಹೀಗೆ ಒಂದರ ಹಿಂದೆ ಒಂದು. ಯಾವ ಹೆಜ್ಜೆಯೂ ತಪ್ಪು ಅನ್ನಿಸುವಂಥದ್ದಲ್ಲ. ನಿಯಮ ಬರೆಯುವ ದಿನ ನನ್ನನ್ನು ಕರೆದರು. ಬಳ್ಳಾರಿಯಲ್ಲಿ ಇರುವವನು, ಕಂಪ್ಯೂಟರ್ ಬರುತ್ತೆ, ಅಪ್ಪ ಕೋರ್ಟ್ ಮುಂದೆ ಟೈಪಿಸ್ಟ್ ಆಗಿದ್ದವರು. ಹನ್ನೊಂದು ನಿಯಮ ಟೈಪ್ ಮಾಡಿಕೊಟ್ಟೆ. ನಾಲ್ಕನೆಯದು ಬಾಗಿಲು ತೆಗೆಯುವ ಹೊತ್ತು. ಏಳನೆಯದು, ಗದ್ದುಗೆ ಮುಟ್ಟುವುದು ಅರ್ಚಕರು ಮಾತ್ರ. ಏಳನೆಯದನ್ನು ಟೈಪ್ ಮಾಡುವಾಗ ಕೂಡ ನನ್ನ ಬೆರಳು ನಿಲ್ಲಲಿಲ್ಲ. ಸಾಲು ಸರಿಯಾಗಿದೆಯಾ, ಒತ್ತಕ್ಷರ ಸರಿಯಾಗಿದೆಯಾ ಅಂತಷ್ಟೇ ನೋಡಿದೆ. ಕೇರಿಯವರು ಹಣೆ ಹಚ್ಚುತ್ತಿದ್ದ ಕಟ್ಟೆ ಅದು ಅಂತ ನನಗೆ ನೆನಪಾಗಲಿಲ್ಲ. ಅವರು ಈಗ ಗ್ರಿಲ್ಲಿಗೆ ಹಣೆ ಹಚ್ಚಿ ಹೋಗುತ್ತಾರೆ.

ಅಪ್ಪನ ಟ್ರಂಕಿನಲ್ಲಿದ್ದ ಹಾಳೆ

ಆ ಶ್ರಾವಣದ ಬೆಳಿಗ್ಗೆಯ ನಂತರ ಬಳ್ಳಾರಿಗೆ ಬಂದವನು ಅಪ್ಪನ ಹಳೆಯ ಟ್ರಂಕ್ ತೆಗೆದೆ. ಅದರಲ್ಲಿ ಒಂದು ಕಾರ್ಬನ್ ಪ್ರತಿ ಇರಬೇಕು ಅಂತ ನೆನಪಿತ್ತು. ಇತ್ತು. ಅಂಚು ಹಳದಿಯಾಗಿದೆ, ಅಕ್ಷರ ನೀಲಿಗೆ ತಿರುಗಿದೆ. ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರು 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ ಮಾಡಿದ ಭಾಷಣ.

1986ರ ಫೆಬ್ರವರಿಯಲ್ಲಿ ಕೃಷ್ಣಮೂರ್ತಿ ತೀರಿಕೊಂಡ ಸುದ್ದಿ ಬಂದ ಮೇಲೆ ಒಬ್ಬ ವಕೀಲರು ಅಪ್ಪನ ಹತ್ತಿರ ಬಂದಿದ್ದರು. ಗೆಳೆಯರಿಗೆ ಹಂಚೋಕೆ ಆ ಭಾಷಣದ ಪ್ರತಿಗಳು ಬೇಕಾಗಿದ್ದವು. ಅಪ್ಪ ಕೋರ್ಟಿನ ಮುಂದೆ ಬೇವಿನ ನೆರಳಿನಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಅವರದು ಹಳೆಯ ರೆಮಿಂಗ್ಟನ್. ಕ್ಯಾರೇಜ್ ಮೇಲೆ ಮೂರು ಬೆರಳಿನ ವಿಭೂತಿ ಗುರುತು ಯಾವಾಗಲೂ ಇರುತ್ತಿತ್ತು. ಅವತ್ತು ಟೈಪ್ ಮಾಡುತ್ತಾ ಮಾಡುತ್ತಾ ಅಪ್ಪ ನಿಂತರು. ಅವರು ಮಧ್ಯದಲ್ಲಿ ನಿಲ್ಲುವವರೇ ಅಲ್ಲ. ನಿಂತು, ಆ ಸಾಲನ್ನು ಮತ್ತೆ ಓದಿದರು. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು. "ಇಲ್ಲಿ ನೋಡು. ಪತ್ರ ಬರೆಯೋಕೆ ಟೈಪ್‌ರೈಟರ್ ಬಳಸ್ತೀರಿ, ಆದರೆ ಅದನ್ನ ಪೀಠದ ಮೇಲೆ ಇಟ್ಟು ಪೂಜೆ ಮಾಡೋದಿಲ್ಲ ಅಂತ ಬರೆದದ." ಸಂಘ ಸಂಸ್ಥೆಗಳೇ ದೊಡ್ಡವಾದಾಗ ನೀವು ಮಾಡುವುದು ಅದನ್ನೇ ಅಂತ ಕೃಷ್ಣಮೂರ್ತಿ ಹೇಳಿದ್ದರು. ಅಪ್ಪ ಮಷಿನ್ ಮೇಲಿನ ವಿಭೂತಿ ನೋಡಿದರು. ಏನೂ ಹೇಳದೆ ಮತ್ತೆ ಟೈಪ್ ಮಾಡತೊಡಗಿದರು.

ಆ ವರ್ಷ ಆಯುಧ ಪೂಜೆಗೆ ಏನು ಮಾಡುತ್ತಾರೆ ಅಂತ ನಾನು ಕಾದಿದ್ದೆ. ಎಂದಿನ ಹಾಗೇ ಮಾಡಿದರು. ಮಷಿನ್ ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಕಾಯಿ ಒಡೆದರು. ನಾನು ಕೇಳಿಯೇ ಬಿಟ್ಟೆ. ಪೂಜೆ ಮಾಡಬಾರದು ಅಂತ ನೀವೇ ಟೈಪ್ ಮಾಡಿದ್ರಲ್ಲ ಅಪ್ಪಾ? ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಅದು ಏನಾದ್ರೂ ಕೊಡ್ಲಿ ಅಂತ ಪೂಜೆ ಮಾಡಲ್ಲಪ್ಪ. ವರ್ಷ ಪೂರಾ ಅದನ್ನ ಬಡೀತೀನಿ. ಒಂದಿನ ಬಡಿಯೋದಿಲ್ಲ. ಅಷ್ಟೇ." ಈ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಅಪ್ಪ ಈಗಿಲ್ಲ. ಕೃಷ್ಣಮೂರ್ತಿಯವರ ಮುಂದೆ ಕೂತು ಅಪ್ಪ ಈ ಮಾತು ಹೇಳಿದ್ದರೆ ಅವರು ಏನು ಹೇಳುತ್ತಿದ್ದರು ಅಂತ ನನಗೆ ಇಂದಿಗೂ ಕುತೂಹಲ.

ಕೃಷ್ಣಮೂರ್ತಿಯವರ ಕತೆ ಬಹಳ ಮಂದಿಗೆ ಗೊತ್ತು. ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದ ಹುಡುಗ. ಮದನಪಲ್ಲಿ ನಮಗೆ ಪರದೇಶವಲ್ಲ. ಅನಂತಪುರ, ಕದಿರಿ ದಾಟಿದರೆ ಬಂತು. ನಿಜಾಮ 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಇತ್ತು, ಕಡಪ ಕಡೆಯ ಆ ನೆಲವೂ ಇತ್ತು. ಅದೇ ಬಂಡೆಗುಡ್ಡ, ಅದೇ ಹುಣಸೆ ಮರ, ಅದೇ ಬರ. ಆ ಹುಡುಗನನ್ನು 1909ರಲ್ಲಿ ಮದ್ರಾಸಿನ ಅಡ್ಯಾರಿನ ಕಡಲ ದಂಡೆಯಲ್ಲಿ ಕಂಡ ಥಿಯಾಸಫಿಯವರು, ಅಂದರೆ ಎಲ್ಲ ಧರ್ಮಗಳ ತಿರುಳು ಒಂದೇ ಅನ್ನುವ ಪಂಥದವರು, ಇವನೇ ಮುಂದಿನ ಜಗದ್ಗುರು ಅಂದರು. 1911ರಲ್ಲಿ ಅವನ ಸುತ್ತ ಒಂದು ಸಂಘ ಕಟ್ಟಿದರು. ಥಿಯಾಸಫಿಯವರ ಅಧ್ಯಕ್ಷೆ ಆನಿ ಬೆಸೆಂಟ್ ಅವರೇ ಮುಂದೆ ನಿಂತರು. ಹದಿನೆಂಟು ವರ್ಷ ಆ ಸಂಘ ಬೆಳೆಯಿತು. ದೇಶದೇಶಗಳಲ್ಲಿ ಸದಸ್ಯರು. ಹಾಲೆಂಡಿನಲ್ಲಿ ಒಬ್ಬ ಶ್ರೀಮಂತ ತನ್ನ ಕೋಟೆಮನೆ, ಜಮೀನು ಎಲ್ಲ ಕೊಟ್ಟ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು 1925. ತಮ್ಮ ನಿತ್ಯಾನಂದನಿಗೆ ಕ್ಷಯ. ತಮ್ಮ ಸಾಯುವುದಿಲ್ಲ, ಕಣ್ಣಿಗೆ ಕಾಣದ ಗುರುಗಳು ಕಾಯುತ್ತಾರೆ ಅಂತ ಕೃಷ್ಣಮೂರ್ತಿ ಗಟ್ಟಿಯಾಗಿ ನಂಬಿದ್ದರು. ಆ ನಂಬಿಕೆಯಲ್ಲೇ ಅವನನ್ನು ಅಮೆರಿಕಾದಲ್ಲಿ ಬಿಟ್ಟು ಇಂಡಿಯಾಕ್ಕೆ ಹಡಗು ಹತ್ತಿದರು. ನವೆಂಬರಿನಲ್ಲಿ ಹಡಗಿನಲ್ಲೇ ತಂತಿ ಬಂತು. ತಮ್ಮ ಹೋಗಿದ್ದ. ಧರ್ಮದ ಬಗ್ಗೆ ಅವರು ಮುಂದೆ ಆಡಿದ ಕಠಿಣ ಮಾತುಗಳನ್ನು ಓದುವಾಗೆಲ್ಲ ನನಗೆ ಆ ಹಡಗು ನೆನಪಾಗುತ್ತದೆ. ಇನ್ನೊಬ್ಬರು ಕೊಟ್ಟ ಭರವಸೆ ಕೈಯಲ್ಲೇ ಒಡೆದುಹೋದ ಮನುಷ್ಯ ಅವರು. ಪುಸ್ತಕ ಓದಿ ದೇವರನ್ನು ಬೇಡ ಅಂದವರಲ್ಲ.

ನಾಲ್ಕು ವರ್ಷದ ನಂತರ ಓಮೆನ್‌ನಲ್ಲಿ, ಸುಮಾರು ಮೂರು ಸಾವಿರ ಸದಸ್ಯರ ಮುಂದೆ, ಬೆಸೆಂಟ್ ಅವರ ಎದುರಿಗೇ, ಆ ಸಂಘವನ್ನು ಅವರು ವಿಸರ್ಜಿಸಿಬಿಟ್ಟರು. ಸತ್ಯಕ್ಕೆ ದಾರಿ ಅಂತ ಇಲ್ಲ. ಯಾವ ಮತ, ಯಾವ ಪಂಥ ಹಿಡಿದರೂ ಅಲ್ಲಿಗೆ ಹೋಗಲಾಗದು. ನಂಬಿಕೆ ಒಬ್ಬೊಬ್ಬರದು, ಅದನ್ನು ಸಂಘಟನೆ ಮಾಡಿದರೆ ಅದು ಸತ್ತು ಗಡುಸಾಗುತ್ತದೆ. ನನಗೆ ಹಿಂಬಾಲಕರು ಬೇಡ. ಹೀಗೆ ಹೇಳಿದರು. ಕೋಟೆಮನೆ, ಜಮೀನು ಕೊಟ್ಟವರಿಗೇ ವಾಪಸ್ ಹೋಯಿತು. ಅದೇ ಭಾಷಣದಲ್ಲಿ ಅವರು ಒಂದು ಕತೆ ಹೇಳಿದರು. ಸೈತಾನ ಮತ್ತು ಅವನ ಗೆಳೆಯ ದಾರಿಯಲ್ಲಿ ಹೋಗುತ್ತಿದ್ದರು. ಮುಂದೆ ಒಬ್ಬ ಮನುಷ್ಯ ನೆಲದಿಂದ ಏನನ್ನೋ ಎತ್ತಿಕೊಂಡು, ನೋಡಿ, ಜೇಬಿಗೆ ಹಾಕಿಕೊಂಡ. ಏನು ಸಿಕ್ಕಿತು ಅವನಿಗೆ ಅಂತ ಗೆಳೆಯ ಕೇಳಿದ. ಸತ್ಯದ ಒಂದು ಚೂರು ಅಂದ ಸೈತಾನ. ಹಾಗಾದರೆ ನಿನಗೆ ನಷ್ಟ ಅಲ್ವಾ? ಏನೂ ಇಲ್ಲ, ಅದನ್ನು ಸಂಘಟನೆ ಮಾಡೋಕೆ ನಾನೇ ಅವನಿಗೆ ಸಹಾಯ ಮಾಡ್ತೀನಿ.

ಕಾರ್ಬನ್ ಪ್ರತಿಯ ಎರಡನೇ ಹಾಳೆಯಲ್ಲಿ ಇನ್ನೊಂದು ಮಾತಿದೆ. ಆನಂದದ ರಾಜ್ಯದ ಬೀಗದ ಕೈ ಕೆಲವರ ಹತ್ತಿರ ಮಾತ್ರ ಇದೆ ಅಂತ ನೀವು ತಿಳಿದಿದ್ದೀರಿ. ಯಾರ ಹತ್ತಿರವೂ ಇಲ್ಲ. ಅದನ್ನು ಇಟ್ಟುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಆ ಬೀಗದ ಕೈ ನೀವೇ.

ನಾಲ್ಕನೇ ನಿಯಮ ಟೈಪ್ ಮಾಡುವ ಮೊದಲು ಈ ಟ್ರಂಕ್ ತೆಗೆದಿದ್ದರೆ ಅಂತ ಬಹಳ ಸಲ ಅಂದುಕೊಂಡಿದ್ದೇನೆ.

ಅಮ್ಮನ ರೊಟ್ಟಿ

ಹಾಗಂತ ಆ ಭಾಷಣಕ್ಕೆ ಪೂರ್ತಿ ತಲೆಬಾಗಲು ನನಗೆ ಆಗುತ್ತಿಲ್ಲ. ಕಾರಣ ಅಮ್ಮ.

ಅಮ್ಮನ ತವರು ಕೊಪ್ಪಳದ ಕಡೆ. ಗವಿಮಠದ ಜಾತ್ರೆಗೆ ಅವರ ಊರಿನಿಂದ ಪ್ರತಿ ವರ್ಷ ರೊಟ್ಟಿ ಹೋಗುತ್ತದೆ. ಅವರ ಊರು ಒಂದೇ ಅಲ್ಲ, ಸುತ್ತಲಿನ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ರೊಟ್ಟಿ ದಾಸೋಹಕ್ಕೆ ಬರುತ್ತದೆ. ಒಂದು ವರ್ಷ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಜನವರಿ ಚಳಿ. ಓಣಿಯಲ್ಲಿ ಸಾಲಾಗಿ ಒಲೆ ಹೂಡಿದ್ದರು. ಒಬ್ಬರು ಹಿಟ್ಟು ನಾದುತ್ತಾರೆ, ನಾಲ್ಕು ಮಂದಿ ಬಡಿಯುತ್ತಾರೆ, ಇಬ್ಬರು ಬೇಯಿಸುತ್ತಾರೆ. ರೊಟ್ಟಿ ಬಡಿಯುವ ಸದ್ದು ಓಣಿ ತುಂಬ ಒಂದೇ ಲಯದಲ್ಲಿ ಕೇಳುತ್ತಿತ್ತು. ಮೊಣಕಾಲು ನೋವು ಅಂತ ಬಳ್ಳಾರಿಯಲ್ಲಿ ನೆಲಕ್ಕೆ ಕೂರದ ಅಮ್ಮ ಅಲ್ಲಿ ಮೂರು ತಾಸು ಕೂತು ರೊಟ್ಟಿ ಬಡಿದರು. ತವರಿನ ಹೆಂಗಸರ ಜೊತೆ ಮಾತು, ನಗು, ಹೋದವರ ನೆನಪಿಗೆ ಸ್ವಲ್ಪ ಅಳು. ನಾನು ಅಮ್ಮನ ಮುಖದಲ್ಲಿ ಅಷ್ಟು ಬೆಳಕು ನೋಡಿ ಎಷ್ಟೋ ವರ್ಷ ಆಗಿತ್ತು. ಮರುದಿನ ಖಡಕ್ ಆದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರಿಗೆ ಏರಿಸಿದರು. ಮಠದಲ್ಲಿ ಯಾರೋ ಹುಡುಗರು ಇಳಿಸಿಕೊಂಡು ಗೋಡೆಯ ಹಾಗೆ ಜೋಡಿಸಿದ ರೊಟ್ಟಿಗಳ ಜೊತೆ ಇಟ್ಟರು. ಯಾರ ರೊಟ್ಟಿ ಅಂತ ಬರೆದುಕೊಳ್ಳಲಿಲ್ಲ. ದರ್ಶನದ ಸಾಲು ಬಹಳ ಉದ್ದ ಇತ್ತು. ಅಮ್ಮ ಕೆಳಗಿನಿಂದಲೇ ಗುಡ್ಡಕ್ಕೆ ಕೈ ಮುಗಿದು ಊಟಕ್ಕೆ ನಡೆದರು. "ನಮ್ಮ ರೊಟ್ಟಿ ಯಾರ ಎಲಿಗೆ ಹೋತೋ, ನಮ್ಮ ಎಲಿಗೆ ಯಾರ ರೊಟ್ಟಿ ಬಂತೋ" ಅಂದರು. ಖುಷಿಯಿಂದ ಅಂದರು.

ಇದೂ ಮಠವೇ, ಇದೂ ಸಂಘಟನೆಯೇ. ಅಡುಗೆಗೆ ಇಷ್ಟು ಮಂದಿ, ನೀರಿಗೆ ಇಷ್ಟು ಮಂದಿ ಅಂತ ಯಾರೋ ಕೂತು ಲೆಕ್ಕ ಹಾಕದೆ ಅಷ್ಟು ಜನಕ್ಕೆ ಊಟ ಆಗುವುದಿಲ್ಲ. ಆದರೆ ಅಮ್ಮನಿಗೆ ಅಲ್ಲಿ ಸಿಕ್ಕಿದ್ದು ಸೆರೆಮನೆಯಲ್ಲ. ಮನುಷ್ಯ ಒಬ್ಬನೇ ನಿಂತು ಸತ್ಯ ನೋಡಬೇಕು ಅನ್ನುವ ಮಾತು ಅಮ್ಮನಿಗೆ ಹೇಳಿದರೆ, ಒಬ್ಬಳೇ ಯಾಕೆ ನಿಲ್ಲಬೇಕು ಅಂತ ಕೇಳುತ್ತಾರೆ. ಕೃಷ್ಣಮೂರ್ತಿ ಎಂದೂ ಹೊಟ್ಟೆಪಾಡಿಗೆ ಗದ್ದೆಗೆ ಇಳಿದವರಲ್ಲ. ಅವರಿಗೆ ಮನೆ ಕೊಟ್ಟವರಿದ್ದರು, ಊರೂರಿಗೆ ಕರೆದೊಯ್ದವರಿದ್ದರು. ಇದನ್ನು ಅವರನ್ನು ಸಣ್ಣವರು ಮಾಡಲು ಹೇಳುತ್ತಿಲ್ಲ. ಒಂಟಿತನವೇ ಹೊರೆಯಾದ ಮನುಷ್ಯನಿಗೆ ಅವರ ಸ್ವಾತಂತ್ರ್ಯ ಹೇಗೆ ಕೇಳಿಸುತ್ತದೆ ಅನ್ನುವುದು ನನ್ನ ಚಿಂತೆ.

ಅಮ್ಮ ಊಟ ಮುಗಿಸಿ ಕೂತಿದ್ದಾಗ ನಾನು ಗುಡ್ಡದ ಮೇಲಿನ ಅಶೋಕನ ಶಾಸನ ನೋಡಿ ಬಂದೆ. ಬಂಡೆ ಮೇಲೆ ಬ್ರಾಹ್ಮಿ ಅಕ್ಷರ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವನೂ ಪ್ರಯತ್ನ ಪಟ್ಟರೆ ಸ್ವರ್ಗ ಮುಟ್ಟಬಹುದು ಅಂತ ಅದರಲ್ಲಿದೆ. ಕೆಳಗೆ ಜಾತ್ರೆಯ ಗದ್ದಲ ಕೇಳುತ್ತಿತ್ತು. ಸಣ್ಣವರೆಲ್ಲ ಅಲ್ಲೇ ಇದ್ದರು.

ಇನ್ನೊಂದು ಕಡೆ ಕೃಷ್ಣಮೂರ್ತಿಯವರ ಮಾತು ನನಗೆ ಸಾಲದು ಅನ್ನಿಸುತ್ತದೆ. ಅವರು ಓಮೆನ್‌ನಲ್ಲಿ ಸಂಘ ಬಿಟ್ಟ ಏಳು ತಿಂಗಳಿಗೆ, 1930ರ ಮಾರ್ಚ್‌ನಲ್ಲಿ, ನಾಸಿಕದ ಕಾಳಾರಾಮ ಗುಡಿಯ ಮುಂದೆ ಸಾವಿರಾರು ಮಂದಿ ದಲಿತರು ಒಳಗೆ ಬಿಡಿ ಅಂತ ಬಂದು ಕೂತರು. ಅಂಬೇಡ್ಕರ್ ಕರೆತಂದಿದ್ದರು. ಗುಡಿಯವರು ಬಾಗಿಲು ಹಾಕಿಕೊಂಡರು. ಒಬ್ಬರು ತಮ್ಮ ಮೇಲೆ ಹೇರಿದ ಸಿಂಹಾಸನದಿಂದ ಎದ್ದು ಹೊರಗೆ ಬಂದರು. ಇನ್ನೊಬ್ಬರಿಗೆ ಹೊಸ್ತಿಲೇ ದಾಟಲು ಬಿಡಲಿಲ್ಲ. ಅಂಬೇಡ್ಕರ್ ಐದು ವರ್ಷದ ನಂತರ ಯೇವಲೆಯಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಅಂದರು. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಒಬ್ಬರೇ ಹೋಗಲಿಲ್ಲ. ಜೊತೆಗೆ ಹೋಗುವುದೇ ಅಲ್ಲಿ ಬಿಡುಗಡೆ. ನಮ್ಮೂರ ಕೇರಿಯವರಿಗೆ ಹೋಗಿ, ದೇವರು ನಿಮ್ಮೊಳಗೇ ಇದ್ದಾನೆ, ಗ್ರಿಲ್ಲಿನ ಚಿಂತೆ ಬಿಡಿ ಅಂತ ನಾನು ಹೇಳಿದರೆ ಅದು ಅಧ್ಯಾತ್ಮ ಆಗುವುದಿಲ್ಲ, ಅನ್ಯಾಯ ಆಗುತ್ತದೆ. ಗ್ರಿಲ್ಲಿನ ಹೊರಗೆ ನಿಂತವನಿಗೆ ಮೊದಲು ಗೇಟು ತೆಗೆಯಬೇಕು. ಒಳಗೆ ಹೋಗುವುದು ಬಿಡುವುದು ಆಮೇಲೆ ಅವನಿಗೆ ಬಿಟ್ಟದ್ದು.

ಅಮ್ಮನ ರೊಟ್ಟಿಗೂ ನಮ್ಮೂರ ಗ್ರಿಲ್ಲಿಗೂ ಏನು ವ್ಯತ್ಯಾಸ ಅಂತ ಬಹಳ ಯೋಚಿಸಿದ್ದೇನೆ. ಎರಡನ್ನೂ ಜನ ಸೇರಿಯೇ ಮಾಡಿದ್ದು. ಒಂದು ಕಡೆ ಸೇರಿದ್ದು ಕೊಡುವುದಕ್ಕೆ. ಇನ್ನೊಂದು ಕಡೆ ಸೇರಿದವರಿಗೆ ಕಾಯುವುದಕ್ಕೆ ಏನೋ ಒಂದು ಇತ್ತು. ನಮ್ಮೂರಲ್ಲಿ ಅದು ಹುಂಡಿ. ಇಲ್ಲಿ ನನಗೆ ಬಸವಣ್ಣನ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಅವಳು ನಮ್ಮ ಪಕ್ಕದವಳೇ, ಲಿಂಗಸುಗೂರು ಕಡೆಯ ಅಮರೇಶ್ವರದವಳು. ಗಂಡ ಮಾರಯ್ಯ ದಾಸೋಹಕ್ಕೆ ಅಂತಲೇ ಒಂದು ದಿನ ಜಾಸ್ತಿ ಅಕ್ಕಿ ತಂದ. ಒಳ್ಳೆಯ ಕೆಲಸಕ್ಕೇ ತಂದದ್ದು. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಅಂದಳು ಲಕ್ಕಮ್ಮ. ವಾಪಸ್ ಕಳಿಸಿದಳು. ಕೂಡಿಟ್ಟರೆ ಅದಕ್ಕೊಂದು ಡಬ್ಬ ಬೇಕು, ಡಬ್ಬಕ್ಕೊಂದು ಮುಚ್ಚಳ ಬೇಕು ಅಂತ ಅವಳಿಗೆ ಗೊತ್ತಿತ್ತು ಅನ್ನಿಸುತ್ತದೆ.

ಕೃಷ್ಣಮೂರ್ತಿಯವರಿಗೂ ಇದು ಕೊನೆತನಕ ಬಿಡಲಿಲ್ಲ. ಸಂಘ ಬಿಟ್ಟವರ ಸುತ್ತಲೇ ಶಾಲೆಗಳಾದವು, ಫೌಂಡೇಶನ್‌ಗಳಾದವು. ಶಾಲೆ ನಡೆಸಲು ಸಂಬಳ ಕೊಡಬೇಕು, ಲೆಕ್ಕ ಇಡಬೇಕು. ಅವರು ಅದನ್ನು ಬೇಡ ಅನ್ನಲಿಲ್ಲ. ನನ್ನ ಮಾತಿಗೆ ಅರ್ಥ ಹೇಳುವ ಅಧಿಕಾರ ಯಾರಿಗೂ ಇಲ್ಲ, ನನಗೆ ಉತ್ತರಾಧಿಕಾರಿ ಇಲ್ಲ ಅಂತ ಮಾತ್ರ ಮತ್ತೆ ಮತ್ತೆ ಹೇಳಿದರು. 1986ರ ಜನವರಿ 4ರಂದು ಮದ್ರಾಸಿನಲ್ಲಿ ಕೊನೆಯ ಸಾರ್ವಜನಿಕ ಮಾತು ಆಡಿದರು. ತೊಂಬತ್ತು ವರ್ಷದ ಮನುಷ್ಯ. ಐವತ್ತಾರು ವರ್ಷ ನನ್ನನ್ನು ಹಿಂಬಾಲಿಸಬೇಡಿ ಅಂದರು, ಜನ ಬರುತ್ತಲೇ ಇದ್ದರು. ಮಣ್ಣು ತೂರುತ್ತಿದ್ದ ನಮ್ಮ ತಾತನಿಗೆ ಈ ಕಷ್ಟ ಚೆನ್ನಾಗಿ ಅರ್ಥ ಆಗುತ್ತಿತ್ತು.

ಬೀಗದ ಕೈ

ದೀಪಾವಳಿ ಮುಗಿದ ಮೇಲೆ ಕಮಿಟಿಯ ಸಭೆಗೆ ಹೋದೆ. ನಾಲ್ಕನೆಯದು ಮತ್ತು ಏಳನೆಯದು, ಎರಡನ್ನೂ ತೆಗೆದುಹಾಕೋಣ ಅಂದೆ. ಹುಂಡಿಯನ್ನು ಬೇರೆ ಕೋಣೆಗೆ ಒಯ್ದರೆ ಗೇಟಿಗೆ ಬೀಗವೇ ಬೇಡ ಅಂದೆ. ನಾಲ್ಕನೆಯದರ ಬಗ್ಗೆ ಮಾತು ನಡೆಯಿತು. ಆರು ಗಂಟೆ ಮಾಡಬಹುದು ಅಂದರು ಕೆಲವರು. ಏಳನೆಯದರ ಬಗ್ಗೆ ಯಾರೂ ಮಾತಾಡಲಿಲ್ಲ. ಕೊನೆಗೆ ಹಿರಿಯರೊಬ್ಬರು, "ಹಿಂದಿಂದ ನಡೆದು ಬಂದದ್ದನ್ನ ಮುರಿಯೋದು ಚಲೋ ಅಲ್ಲ ತಮ್ಮಾ" ಅಂದರು. ಮೂರು ವರ್ಷದ ಹಿಂದೆ ನಾನೇ ಟೈಪ್ ಮಾಡಿದ್ದು ಅದು. ಆ ಹಿರಿಯರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು. ನನಗೆ ಭಯವಾದದ್ದು ಅದಕ್ಕೇ. ಒಂದು ಹಾಳೆ ಹಳದಿಯಾಗುವ ಮೊದಲೇ ಸಂಪ್ರದಾಯ ಆಗಿತ್ತು. ವಿಷಯವನ್ನು ಮುಂದಿನ ಸಭೆಗೆ ಇಟ್ಟರು. ಮುಂದಿನ ಸಭೆಗೂ ನಾನು ಹೋಗುತ್ತೇನೆ, ಅದರ ಮುಂದಿನದಕ್ಕೂ ಹೋಗುತ್ತೇನೆ. ಕೇರಿಯ ಇಬ್ಬರು ನನ್ನ ಜೊತೆ ಬರುತ್ತೇವೆ ಅಂದಿದ್ದಾರೆ.

ಸಭೆ ಮುಗಿದ ರಾತ್ರಿ ಅಧ್ಯಕ್ಷರ ಮನೆಗೆ ಹೋಗಿ ಬೀಗದ ಕೈ ಕೇಳಿದೆ. ಕೊಟ್ಟರು. ಏಳರೊಳಗೆ ಅರ್ಚಕರಿಗೆ ಮುಟ್ಟಿಸು ಅಂದರು. ಬೆಳಿಗ್ಗೆ ಐದಕ್ಕೆ ದೊಡ್ಡವ್ವನ ಜೊತೆ ಹೊರಟೆ. ತಂಬಿಗೆ ನಾನೇ ಹಿಡಿದುಕೊಂಡೆ. ಈ ಸಲ ಚೆಲ್ಲಲಿಲ್ಲ. ಬೀಗ ತೆಗೆದೆ, ಗೇಟು ಸರಿಸಿದೆ, ಪಕ್ಕಕ್ಕೆ ನಿಂತೆ. ದೊಡ್ಡವ್ವ ಒಳಗೆ ಹೋದಳು. ಗದ್ದುಗೆಗೆ ನೀರು ಎರೆದು, ಹೂ ಇಟ್ಟಳು. ಅಂಗೈಯನ್ನು ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಇಟ್ಟಿದ್ದಳು. ಮೊದಲಿನ ಹಾಗೆ ಅಲ್ಲೇ ಕೂರುತ್ತಾಳೆ ಅಂದುಕೊಂಡೆ. ಆದರೆ ಎದ್ದು ಹೊರಗೆ ಬಂದಳು. ಗ್ರಿಲ್ಲಿನ ಆಚೆ ಬೇವಿನ ಬೇರು ನೆಲದಿಂದ ಎದ್ದು ಒಂದು ಮಣೆಯ ಹಾಗೆ ಆಗಿದೆ. ಅದರ ಮೇಲೆ ಕೂತಳು.

"ಒಳಗ ಕೂರಬಾರದೇನು?" ಅಂದೆ.

"ಟೈಲ್ಸು ತಣ್ಣಗ ಅದಾವಪಾ. ಇಲ್ಲೇ ಚಲೋ ಐತಿ" ಅಂದಳು.

ನಾನೂ ಪಕ್ಕದಲ್ಲಿ ಕೂತೆ. ಗೇಟು ಹಾರು ಹೊಡೆದಿತ್ತು. ಒಂದು ಮೇಕೆ ಒಳಗೆ ಹೋಗಿ ಹೂವಿನ ವಾಸನೆ ನೋಡಿ ವಾಪಸ್ ಬಂತು. ಕಾಲುವೆ ತುಂಬಿ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕೂಲಿ ಹೆಂಗಸರು ಕೂಗಿದರು. ದೊಡ್ಡವ್ವ ಎದ್ದು ಖಾಲಿ ತಂಬಿಗೆ ನನ್ನ ಕೈಗೆ ಕೊಟ್ಟು, "ಮನಿಯಾಗ ಇಟ್ಟುಬಿಡು" ಅಂತ ಗದ್ದೆ ಕಡೆ ಹೋದಳು. ಏಳಾಗಲು ಇನ್ನೂ ಬಹಳ ಹೊತ್ತಿತ್ತು.